ಏಕಾದಶಿಯ ಗುಳಿಗೆಗಳು

ಟಿ.ಬಿ. ಡ್ಯಾಂ ದಾಟುತ್ತಿದ್ದಂತೆಯೇ ನಮ್ಮ ಕಾರು ನಿಂತಿತು. ಮುಂದೆ ಅದಿರಿನ ಲಾರಿಗಳು, ಹಿಂದೆ ಅದಿರಿನ ಲಾರಿಗಳು. ಮಿತಿಮೀರಿದ ಭಾರ, ತಾಡಪಾಲಿಲ್ಲದ ಹೊರೆ, ಕಣ್ಣುಮುಚ್ಚಿದ ತಪಾಸಣಾ ಠಾಣೆ: ಅಷ್ಟನ್ನೂ ನಾನು ಅರ್ಜಿಗಳಲ್ಲಿ ಬರೆದವಳು. ಇಷ್ಟು ಸಂಪತ್ತು ಅಗೆದೊಯ್ದ ಜಿಲ್ಲೆಯವರು ಹೃದಯದ ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕೆಂಬುದೂ ಆ ಅರ್ಜಿಗಳಲ್ಲಿತ್ತು. ಅಂದು ಹಾಗೆ ಹೊರಟಿದ್ದವಳು ನನ್ನ ಅಮ್ಮ.

ಅವಳ ಹೃದಯದ ಮೇಲಿನ ಕೋಣೆ ಬಡಿಯುವ ಬದಲು ಅದುರುತ್ತಿತ್ತು. ತೊಡೆಯ ರಕ್ತನಾಳದಿಂದ ತೆಳುವಾದ ನಳಿಕೆಯನ್ನು ಹೃದಯಕ್ಕೆ ತೂರಿಸಿ, ಲಯ ಕೆಡಿಸುವ ಜಾಗವನ್ನು ಸುಡುತ್ತೇವೆಂದು ವೈದ್ಯರು ಹೇಳಿದ್ದರು. ಒಂದು ಅಪಾಯವನ್ನು ಚಿತ್ರ ಬರೆದೇ ತೋರಿಸಿದ್ದರು: ಅದುರುವ ಕೋಣೆಯ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಕದಲಿ ಮಿದುಳಿಗೆ ಹೋದರೆ ಲಕ್ವ. ಆದ್ದರಿಂದ ರಕ್ತ ತೆಳುವಾಗಿಸುವ ಗುಳಿಗೆ ಒಂದು ದಿನವೂ ತಪ್ಪಬಾರದು. ಹಿಂದಿನ ದಿನ ಅವರು ಫೋನಿನಲ್ಲಿ ಕೇಳಿದಾಗ "ಒಂದೂ ತಪ್ಪಿಲ್ಲ" ಎಂದಿದ್ದೆ.

ಗಾಜು ಏರಿಸಿದ ಕಾರಿನಲ್ಲಿ ಸೆಕೆ. ಆ ದಿನದ ಗುಳಿಗೆ ಕೊಡಲು ಡಬ್ಬಿ ತೆರೆದೆ. ತಿಂಗಳಿಗೆಂದು ನಾನೇ ಎಣಿಸಿ ತುಂಬಿದ್ದ ಡಬ್ಬಿ. ಉಳಿಯಬೇಕಾದುದಕ್ಕಿಂತ ಎರಡು ಹೆಚ್ಚಿದ್ದವು.

"ಅಮ್ಮ, ಇವೇನು?"

ಅವಳು ಹೊರಗೆ ನೋಡಿದಳು. "ಏಕಾದಶಿ ದಿನ ಹನಿ ನೀರೂ ಮುಟ್ಟಂಗಿಲ್ಲ ನಾನು. ಗುಳಿಗಿ ಹೆಂಗ ನುಂಗಲಿ?"

"ನಿನ್ನೆಯೂ?"

"ನಿನ್ನೆ ಏಕಾದಶಿ ಅಲ್ಲೇನು? ನಿಂಗೆಲ್ಲಿ ಗೊತ್ತಿರ್ತದ. ಊರ ಮಂದಿ ಲಾರಿ ಎಣಿಸ್ತಿ, ಮನ್ಯಾಗ ಗುಳಿಗಿ ಎಣಿಸಲಿಲ್ಲ."

ನಿಜ. ಉಪವಾಸವನ್ನು ಮೌಢ್ಯವೆಂದು ಭಾಷಣದಲ್ಲಿ ಖಂಡಿಸುತ್ತಿದ್ದ ನಾನು, ಮನೆಯ ಉಪವಾಸ ಹೇಗೆ ನಡೆಯುತ್ತದೆಂದು ಒಮ್ಮೆಯೂ ಕೇಳಿರಲಿಲ್ಲ. ಎರಡೂ ಏಕಾದಶಿಗಳಂದು ನಾನು ಗಣಿ ಹೋರಾಟಕ್ಕೆಂದು ಸಂಡೂರಿನಲ್ಲಿದ್ದೆ. ಕೇಳದೆಯೇ ವೈದ್ಯರಿಗೆ ಸಾಕ್ಷಿ ಹೇಳಿದ್ದೆ. ಅಧಿಕಾರಿಯೊಬ್ಬ ಹೀಗೆ ಸ್ಥಳ ನೋಡದೆ ವರದಿ ಬರೆದಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ.

ಫೋನ್ ಕೈಗೆತ್ತಿಕೊಂಡೆ. ಅಮ್ಮ ನನ್ನ ಮಣಿಕಟ್ಟು ಹಿಡಿದಳು. "ಹೇಳಬ್ಯಾಡ. ಹೇಳಿದ್ರ ವಾಪಸ್ ಕಳಸ್ತಾರ. ಎದಿಯೊಳಗ ಗುಬ್ಬಿ ಒದ್ದಾಡಿದಂಗ ಆಗ್ತದ, ಒಂದ್ ಸಲ ಮುಗದು ಹೋಗ್ಲಿ."

"ಆ ನಳಿಕೆ ಹೆಪ್ಪಿಗೆ ತಾಗಿದರೆ?"

ಅವಳು ಹಿಡಿದ ಕೈ ಬಿಡಲಿಲ್ಲ. ಇನ್ನೊಂದು ಕೈಯಿಂದ ನಾನು ಗುಂಡಿ ಒತ್ತಿದೆ.

ವೈದ್ಯರು ಗದರಲಿಲ್ಲ. "ಈಗ ಬೇಡ. ಮೂರು ವಾರ ಒಂದು ದಿನವೂ ಬಿಡದೆ ಕೊಡಿ, ನಡುವೆ ರಕ್ತ ಪರೀಕ್ಷೆ ಮಾಡಿಸಿ. ಆಮೇಲೆ ಗಂಟಲ ಮೂಲಕ ಸ್ಕ್ಯಾನ್ ಮಾಡಿ ನೋಡೋಣ. ಹೆಪ್ಪಿದ್ದರೆ ನಾನು ನಳಿಕೆ ಹಾಕುವುದಿಲ್ಲ."

ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. "ಮೂರು ವಾರದಾಗ ಇನ್ನೊಂದು ಏಕಾದಶಿ ಬರ್ತದಲ್ಲೇ."

ಆ ಏಕಾದಶಿಯ ದಿನವೇ ಸಂಡೂರಿನಲ್ಲಿ ಧರಣಿ ಎಂದು ಕರಪತ್ರದಲ್ಲಿ ಅಚ್ಚಾಗಿತ್ತು; ಅದನ್ನು ಬರೆದವಳೂ ನಾನೇ.

"ಗಾಡಿ ತಿರುಗಿಸಪ್ಪ," ಎಂದೆ.

"ಎಲ್ಲಿ ತಿರುಗಿಸ್ಲಿರಿ ಮೇಡಮ್ಮಾರ?" ಎಂದ ಚಾಲಕ ಎಂಜಿನ್ ಆರಿಸಿದ. "ಸಂಜಿತನಕ ಇಲ್ಲೇ ನೋಡ್ರಿ."

ಅಮ್ಮ ಅಂಗೈ ಚಾಚಿದಳು. ಆ ದಿನದ ಗುಳಿಗೆ ನುಂಗಿ, ನೀರಿನ ಬಾಟಲಿಯ ಮುಚ್ಚಳ ತಿರುವುತ್ತಾ ಅಂದಳು: "ಆವತ್ತು ನೀ ಮನ್ಯಾಗಿದ್ದು, ನಿನ್ನ ಕೈಯಾರೆ ಕೊಟ್ರ ತಗೋತೀನಿ. ದೇವರಿಗೆ ನಾ ಹೇಳ್ಕೋತೀನಿ. ನಿನ್ನ ಮಂದಿಗೆ ನೀ ಹೇಳ್ಕೋ."

ಕೆಂಪು ಧೂಳು ಕೂತ ಗಾಜಿನಾಚೆ ಮುಂದಿನ ಲಾರಿಯ ಹಿಂಭಾಗವಷ್ಟೇ ಕಾಣುತ್ತಿತ್ತು. ಇರುತ್ತೇನೆ ಎಂದೆ.