ಎದೆಗೆ ಕಟ್ಟಿದ ಕಸಿ

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಮೆಡಿಕಲ್ ಶಾಪ್ ಇದೆ. ಇಪ್ಪತ್ತಾರು ವರ್ಷದಿಂದ ಅದೇ ಕೌಂಟರಿನ ಹಿಂದೆ ನಿಂತಿದ್ದೇನೆ. ಚೀಟಿ ನೋಡಿದರೆ ಸಾಕು, ಕಾಯಿಲೆ ಯಾವುದು, ಎಲ್ಲಿಗೆ ಬಂದು ಮುಟ್ಟಿದೆ ಎಂದು ತಿಳಿದುಬಿಡುತ್ತದೆ. ಗಿರಾಕಿಯದಾದರೆ ಬಾಯಿ ಮುಚ್ಚಿಕೊಂಡು ಮಾತ್ರೆ ಕತ್ತರಿಸಿ ಕೊಡಬಹುದು. ಒಡಹುಟ್ಟಿದವನ ಚೀಟಿ ಹಾಗಲ್ಲ.

ನನ್ನ ಅಣ್ಣನಿಗೆ ನರಸಿಂಹರಾಜಪುರದ ಹೊರಗೆ ಒಂದು ಸಸಿ ನರ್ಸರಿ ಇತ್ತು. ಹಲಸು, ಮಾವು, ಜಾಯಿಕಾಯಿ, ಯಾವುದಕ್ಕೇ ಆಗಲಿ ಕಸಿ ಕಟ್ಟುವುದರಲ್ಲಿ ಅವನದು ಎತ್ತಿದ ಕೈ. ಗಿಡದ ವಿಷಯದಲ್ಲಿ ಅವನಷ್ಟು ತಾಳ್ಮೆಯ ಮನುಷ್ಯನನ್ನು ನಾನು ನೋಡಿಲ್ಲ, ಸ್ವಂತ ಮೈಯ ವಿಷಯದಲ್ಲಿ ಅವನಷ್ಟು ಹಟಮಾರಿಯನ್ನೂ ನೋಡಿಲ್ಲ. ಹೋದ ವರ್ಷ ಹಲಸಿನ ಕಸಿ ಕಟ್ಟುತ್ತಾ ಕೂತಿದ್ದವನಿಗೆ ಎದೆ ಹಿಂಡಿದ ಹಾಗಾಗಿ ಬೆವರು ಇಳಿಯಿತು. ಕತ್ತರಿಸಿಟ್ಟ ಕುಡಿಗಳು ಬಾಡುತ್ತವೆ ಎಂದು ಉಳಿದಷ್ಟನ್ನೂ ಕಟ್ಟಿ ಮುಗಿಸಿದ ಮೇಲೆಯೇ ಅವನು ಅತ್ತಿಗೆಯನ್ನು ಕರೆದದ್ದು. ಘಾಟಿ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಹೃದಯದ ಒಂದು ಭಾಗ ಸತ್ತುಹೋಗಿತ್ತು.

ಸ್ಟೆಂಟ್ ಹಾಕಿದರು. ಸತ್ತ ಭಾಗ ಮತ್ತೆ ಬರುವುದಿಲ್ಲ, ಇನ್ನು ಹೃದಯದ ಪಂಪಿಂಗ್ ಕಡಿಮೆಯೇ ಎಂದರು. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಎರಡು ಮಾತ್ರೆಗಳನ್ನು ತೋರಿಸಿ, ಇವನ್ನು ಒಂದು ದಿನವೂ ತಪ್ಪಿಸಬೇಡಿ, ತಪ್ಪಿಸಿದರೆ ಸ್ಟೆಂಟೇ ಮುಚ್ಚಿಹೋಗಬಹುದು ಎಂದು ಡಾಕ್ಟರು ಎರಡೆರಡು ಸಲ ಹೇಳಿದರು. ಆ ಮಾತು ಕೇಳಿದ ನಾನು ಅಲ್ಲೇ ತೀರ್ಮಾನಿಸಿದೆ, ಮಾತ್ರೆ ನನ್ನ ಅಂಗಡಿಯಿಂದಲೇ ಹೋಗಬೇಕು. ಅಣ್ಣ ಪ್ರತಿ ತಿಂಗಳ ಮೊದಲ ಸೋಮವಾರ ಬಸ್ಸಿನಲ್ಲಿ ಬಂದು, ಅರ್ಧ ಗಂಟೆ ಸ್ಟೂಲಿನ ಮೇಲೆ ಕೂತು, ಮಾತ್ರೆ ತೆಗೆದುಕೊಂಡು ಹೋಗುತ್ತಿದ್ದ. ಒಳಗೊಳಗೇ ನನಗೆ ಅದೊಂದು ಸಮಾಧಾನ.

ಆದರೆ ಅವನಿಗೆ ಸಮಾಧಾನವಿರಲಿಲ್ಲ. ಹತ್ತು ಗಿಡ ಕಟ್ಟುವಷ್ಟರಲ್ಲಿ ಕೈ ಸೋಲುತ್ತಿತ್ತು. ಮಣ್ಣಿನ ಬುಟ್ಟಿ ಎತ್ತಿದರೆ ಏದುಸಿರು ಬರುತ್ತಿತ್ತು. ಅಷ್ಟರಲ್ಲಿ ಮೊಬೈಲಿನಲ್ಲಿ ವಿಡಿಯೋಗಳು ಬರತೊಡಗಿದವು. ಸ್ಟೆಮ್ ಸೆಲ್ ಚಿಕಿತ್ಸೆಯಂತೆ, ಸತ್ತ ಹೃದಯ ಮತ್ತೆ ಬೆಳೆಯುತ್ತದಂತೆ. ಶೃಂಗೇರಿಯಲ್ಲಿ ಅವನ ಪರಿಚಯದ ಜವಳಿ ವ್ಯಾಪಾರಿಯೊಬ್ಬರು ಯಾವುದೋ ದೂರದ ಊರಿನ ಕ್ಲಿನಿಕ್ಕಿನಲ್ಲಿ ಅದನ್ನು ಮಾಡಿಸಿಕೊಂಡು ಬಂದು, ಈಗ ಆರಾಮ ಎನ್ನುತ್ತಿದ್ದರು. ಅಣ್ಣ ಶೃಂಗೇರಿಗೆ ಹೋಗಿ ಅವರನ್ನು ಕಂಡು ಬಂದ. ಅಲ್ಲಿಂದ ನೇರ ನನ್ನ ಅಂಗಡಿಗೆ.

"ಈ ಸ್ಟೆಮ್ ಸೆಲ್ ಅಂದ್ರೆ ಎಂತ ಮಾರಾಯ? ಸರಿ ಬಿಡಿಸಿ ಹೇಳು."

ಅವತ್ತು ಅಂಗಡಿಯಲ್ಲಿ ರಶ್ಶು. ಪಕ್ಕದ ಹಳ್ಳಿ ನಾರ್ವೆಯ ಹೆಂಗಸೊಬ್ಬರು ಚೀಟಿ ಹಿಡಿದು ಕಾಯುತ್ತಿದ್ದರು. ನನಗೆ ತಾಳ್ಮೆ ಕಡಿಮೆ, ಜಾಣತನ ತೋರಿಸುವ ಚಟ ಜಾಸ್ತಿ. ಅವರಿಗೂ ಕೇಳಲಿ ಎಂಬ ಹಾಗೆ ಹೇಳಿದೆ:

"ನೀ ಕಸಿ ಕಟ್ತೀಯಲ್ಲ, ಅದೇ ಅಂತ ತಿಳ್ಕೋ. ನಿನ್ನದೇ ಸೊಂಟದ ಮೂಳೆಯಿಂದ ಒಂಥರಾ ಎಳೇ ಕಣ ತೆಗೀತಾರೆ. ಸತ್ತ ಜಾಗಕ್ಕೆ ಬಿಡ್ತಾರೆ. ಹಿಡಿದ್ರೆ ಹಿಡೀತು, ಇಲ್ದಿದ್ರೆ ಇಲ್ಲ. ಹೃದಯಕ್ಕೆ ಅದು ಇನ್ನೂ ಪರೀಕ್ಷೆಯಲ್ಲೇ ಉಂಟು. ಅಂಥಾ ಕ್ಲಿನಿಕ್ಕಿಗೆಲ್ಲ ಹೋಗಬೇಡ."

ಕಸಿ ಎಂಬ ಮಾತು ಕೇಳಿದ ಕೂಡಲೇ ಅವನ ಮುಖ ಬೆಳಗಿತು. ಅದರ ಮುಂದಿನದು ಕಿವಿಗೆ ಬಿದ್ದಂತೆ ಕಾಣಲಿಲ್ಲ. "ಕಸಿಯಾದ್ರೆ ನಂಗೆ ಗೊತ್ತುಂಟಲ್ಲ ಮಾರಾಯ," ಎಂದು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. ಇನ್ನೊಂದು ಸಲ ಈ ವಿಡಿಯೋ ಹಿಡಿದುಕೊಂಡು ಅಂಗಡಿಗೆ ಬರಬೇಡ ಎಂದು ಗದರಿಸಿದೆ. ನನಗಿಂತ ಎಂಟು ವರ್ಷ ದೊಡ್ಡವನು. ಮಾತ್ರೆಯ ಕವರು ತೆಗೆದುಕೊಂಡು ಬಸ್ಸಿಗೆ ಹೋದ.

ಮುಂದಿನ ತಿಂಗಳ ಸೋಮವಾರ ಅವನು ಬರಲಿಲ್ಲ. ನರಸಿಂಹರಾಜಪುರದಲ್ಲೇ ಮಾತ್ರೆ ತೆಗೆದುಕೊಂಡಿರುತ್ತಾನೆ, ಸಿಟ್ಟಿಗೆ, ಎಂದುಕೊಂಡೆ. ನನಗೂ ಸಿಟ್ಟಿತ್ತು. ಫೋನು ಮಾಡಿದರೆ ನಾನೇ ಸೋತ ಹಾಗೆ. ಅದರ ಮುಂದಿನ ತಿಂಗಳೂ ಬರಲಿಲ್ಲ. ಅವನಿಗೆಂದು ತರಿಸಿಟ್ಟಿದ್ದ ಮಾತ್ರೆಗಳು ರ‍್ಯಾಕಿನಲ್ಲೇ ಇದ್ದವು. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಬೀಳುತ್ತಿದ್ದವು. ಆದರೂ ಫೋನು ಮಾಡಲಿಲ್ಲ. ಇವತ್ತಿಗೂ ನನ್ನನ್ನು ನಾನು ಕ್ಷಮಿಸಲಾಗದ ವಿಷಯ ಅದು.

ಕೊನೆಗೆ ಒಂದು ಭಾನುವಾರ ಬಾಗಿಲು ಹಾಕಿ ಹೊರಟೆ. ನರ್ಸರಿಯಲ್ಲಿ ಯಾರೂ ಕೆಲಸ ಮಾಡುತ್ತಿರಲಿಲ್ಲ. ಅಣ್ಣ ಜಗಲಿಯಲ್ಲಿ ಎರಡು ದಿಂಬು ಒರಗಿ ಕೂತಿದ್ದ. ನನ್ನನ್ನು ಕಂಡು ಕೈಯೆತ್ತಿ ಸನ್ನೆ ಮಾಡಿದ. ಎದ್ದು ಬರಲಿಲ್ಲ.

"ಕಟ್ಟಿಸಿಕೊಂಡು ಬಂದೆ ಕಣಾ," ಎಂದ.

ಮಂಗಳೂರಿಗೆ ಚೆಕಪ್ಪಿಗೆ ಎಂದು ಅಕ್ಕಪಕ್ಕದವರಿಗೆ ಸುಳ್ಳು ಹೇಳಿ, ಗಂಡ ಹೆಂಡತಿ ಇಬ್ಬರೂ ಆ ಕ್ಲಿನಿಕ್ಕಿಗೆ ಹೋಗಿ ಬಂದಿದ್ದರು. ಸೊಂಟದಿಂದ ತೆಗೆದದ್ದನ್ನು ಏನೋ ಮಾಡಿ ಮರುದಿನ ಮೈಗೆ ಏರಿಸಿದ್ದರಂತೆ. ನನ್ನ ಕಣ್ಣು ಅವನ ಪಾದಕ್ಕೆ ಹೋಯಿತು. ಎರಡೂ ಊದಿ, ಚಪ್ಪಲಿಯ ಪಟ್ಟಿ ಕೂತ ಜಾಗದಲ್ಲಿ ಗುಳಿ ಬಿದ್ದಿತ್ತು. ಇಂಥ ಕಾಲುಗಳನ್ನು ಕೌಂಟರಿನಾಚೆ ಬೇಕಾದಷ್ಟು ಕಂಡಿದ್ದೇನೆ. ಆಮೇಲೆ ಕೆಲವೇ ದಿನಕ್ಕೆ ಆ ಮನೆಗಳಿಂದ ಚೀಟಿ ಬರುವುದು ನಿಲ್ಲುತ್ತದೆ.

"ಕಾಲು ಎಂತಕ್ಕೆ ಹೀಗೆ?"

"ಕಸಿ ಹಿಡಿಯೋ ಹೊತ್ತಿಗೆ ಗಂಟು ಸ್ವಲ್ಪ ಊದ್ತದೆ. ನೀ ನೋಡಿಲ್ಲ, ನಾ ನೋಡಿದ್ದೇನೆ."

"ಮಾತ್ರೆ?"

ಅವನು ಅತ್ತಿಗೆಯ ಮುಖ ನೋಡಿದ. ಅವರು ಸೆರಗಿನ ತುದಿ ಸುತ್ತುತ್ತಾ ನಿಂತಿದ್ದರು. "ನಲವತ್ತೆಂಟು ದಿನ ಬೇಡ ಅಂದ್ರು ಇವರು," ಎಂದರು.

"ಯಾರು, ಕ್ಲಿನಿಕ್ಕಿನವರಾ?"

"ಅವರು ತಗೊಳ್ಳಿ ಅಂತಲೇ ಹೇಳಿದ್ರು. ಇವರೇ."

ಅಣ್ಣ ನಿಧಾನವಾಗಿ ವಿವರಿಸಿದ, ದಡ್ಡ ಗಿರಾಕಿಗೆ ಗಿಡದ ಆರೈಕೆ ಹೇಳಿಕೊಡುವ ಹಾಗೆ. ಹಲಸಿನ ಕಸಿಯಲ್ಲಿ ಗಾಯದಿಂದ ಸೊನೆ ಹರಿಯುತ್ತಿದ್ದರೆ ಕುಡಿ ಕೂರುವುದಿಲ್ಲ. ಸೊನೆ ನಿಲ್ಲಬೇಕು, ಹೆಪ್ಪುಗಟ್ಟಬೇಕು, ಆಗಲೇ ಎರಡೂ ಒಂದಾಗುವುದು. ಚಿಗುರು ಬರುವ ತನಕ ಗೊಬ್ಬರ ಕೊಡಬಾರದು, ಔಷಧಿ ಹೊಡೆಯಬಾರದು, ಗಿಡ ಅಲುಗಾಡಬಾರದು. ಹಾಗಿರುವಾಗ ಹೊಸ ಕಣ ಕೂರಬೇಕಾದ ಎದೆಯೊಳಗೆ ರಕ್ತ ತೆಳ್ಳಗೆ ಮಾಡುವ ಮಾತ್ರೆ ಹಾಕುತ್ತಾರೆಯೇ? ಅದಕ್ಕೇ ಒಂದು ಮಂಡಲ ಎಲ್ಲ ಮಾತ್ರೆ ನಿಲ್ಲಿಸಿದ್ದ. ನಲವತ್ತು ದಿನ ಆಗಿತ್ತು, ಇನ್ನು ಎಂಟು ಬಾಕಿ.

"ನೀನೇ ಹೇಳಿದ್ದಲ್ಲ, ಕಸಿ ಅಂತ."

ನಾನು ಕೂಗಾಡಿದೆ. ಏನೆಲ್ಲ ಬೈದೆನೋ ನೆನಪಿಲ್ಲ. ಈಗಲೇ ಗಾಡಿ ತರುತ್ತೇನೆ, ಆಸ್ಪತ್ರೆಗೆ ನಡೆ ಎಂದೆ. ಮಂಡಲ ಮುಗಿಯಲಿ, ನಡುವೆ ಅಲುಗಾಡಿದರೆ ಎಲ್ಲ ಹಾಳು ಎಂದು ಜಗಲಿಯ ಕಂಬ ಹಿಡಿದು ಕೂತುಬಿಟ್ಟ. ಜೇಬಿನಲ್ಲಿ ತಂದಿದ್ದ ಮಾತ್ರೆಗಳನ್ನು ನಾನೇ ಬಿಡಿಸಿ ಕೈಗೆ ಹಾಕಿದೆ. ಬಹಳ ಹೊತ್ತು ಅವನ್ನು ನೋಡಿದ. ಕೊನೆಗೆ ನನ್ನ ಮನಸ್ಸು ನೋಯಿಸಬಾರದೆಂದು ನುಂಗಿದ. ನುಂಗಿದ ಮೇಲೆ ಅವನ ಮುಖ ನೋಡಬೇಕಿತ್ತು, ಕಷ್ಟಪಟ್ಟು ಕಟ್ಟಿದ್ದನ್ನು ತಾನೇ ಕಿತ್ತು ಹಾಕಿದವನ ಮುಖ. ನಾಳೆಯೂ ತಪ್ಪದೆ ಕೊಡಿ, ಒಂದು ದಿನ ಅವನ ಹಟ ಇಳಿಯಲಿ, ಮಂಗಳವಾರ ಗಾಡಿ ಮಾಡಿಕೊಂಡು ಬರುತ್ತೇನೆ, ಎತ್ತಿಕೊಂಡಾದರೂ ಹೋಗುತ್ತೇನೆ ಎಂದು ಅತ್ತಿಗೆಗೆ ಹೇಳಿ ಹೊರಟೆ.

ಮಂಗಳವಾರ ಬೆಳಗ್ಗೆ ನಾನು ಹೊರಡುವ ಮೊದಲೇ ಅವರ ಫೋನು ಬಂತು. ಆಂಬುಲೆನ್ಸ್ ಕೊಪ್ಪದ ದಾರಿ ಹಿಡಿದಿತ್ತು. ನಾನು ಆಸ್ಪತ್ರೆಯ ಬಾಗಿಲಲ್ಲಿ ಕಾದೆ. ಅಣ್ಣನ ತುಟಿ ಕಪ್ಪಗಾಗಿತ್ತು, ಕಣ್ಣುಗಳು ಮಾತ್ರ ತೆರೆದಿದ್ದವು. ಒಳಗೆ ಮಲಗಿಸಿ ಇಸಿಜಿಯ ವಯರು ಹಚ್ಚುತ್ತಿದ್ದ ಹಾಗೆ ಡಾಕ್ಟರು ಅವಸರದಲ್ಲಿ ಕೇಳಿದರು. "ಸ್ಟೆಂಟ್ ಉಂಟಲ್ಲ, ಮಾತ್ರೆ ತಗೊಳ್ತಿದ್ರಾ?"

ನಿಲ್ಲಿಸಿದ್ದರು ಎಂದರು ಅತ್ತಿಗೆ.

"ಯಾರು ನಿಲ್ಲಿಸಿ ಅಂತ ಹೇಳಿದ್ದು?"

ಅತ್ತಿಗೆ ನನ್ನ ಕಡೆ ತಿರುಗಿದರು. ಆ ಡಾಕ್ಟರಿಗೆ ನಾನು ಚೆನ್ನಾಗಿ ಗೊತ್ತು. ಅವರು ಬರೆದ ಚೀಟಿಗಳೆಲ್ಲ ನನ್ನ ಅಂಗಡಿಗೇ ಬರುತ್ತವೆ.

"ಯಾರೂ ಇಲ್ಲ ಸಾರ್," ಎಂದೆ. "ಅವನೇ ನಿಲ್ಲಿಸಿದ್ದು."

ಮಾಸ್ಕಿನ ಕೆಳಗೆ ಅಣ್ಣನ ಬಾಯಿ ಅಲುಗಿತು. ಡಾಕ್ಟರು ಬಗ್ಗಿ ಕಿವಿ ಕೊಟ್ಟರು. ಅವನು ನೋಡುತ್ತಿದ್ದದ್ದು ಅವರನ್ನಲ್ಲ, ನನ್ನನ್ನು.

"ಹೌದು, ನಾನೇ," ಎಂದ. "ಅವ ಹೋಗಬೇಡ ಅಂದಿದ್ದ."

ಅದೇ ಅವನ ಕೊನೆಯ ಮಾತು.