ಕಾಂತಮ್ಮನವರ ಆರೂವರೆ

ಕಾಂತಮ್ಮನವರ ವ್ರತ ಕೆಡಿಸಿದವನು ನಾನು. ಅದೂ ಒಂದು ಸಂಜೆಯಲ್ಲ — ಹೆಚ್ಚು ಕಡಿಮೆ ಒಂದು ತಿಂಗಳು, ದಿನಾ ಸಂಜೆ. ಆ ತಿಂಗಳಿಡೀ ಅವರು ನನ್ನನ್ನು ಊರಿಡೀ ಹೊಗಳುತ್ತಿದ್ದರು. ನಾನು ಹಲ್ಲು ಕಿರಿದು ಹೊಗಳಿಸಿಕೊಳ್ಳುತ್ತಿದ್ದೆ. ಅವರಿಗೆ ಒಮ್ಮೆ ಹೇಳಿದ್ದೇನೆ, ಹೇಳಿ ಏನಾಯಿತು ಎಂಬುದೂ ಮುಂದೆ ಬರುತ್ತದೆ. ನಿಮಗೆ ಹೇಳುತ್ತಿರುವುದು ಇದೇ ಮೊದಲು.

ಐವತ್ತರ ದಶಕದ ಕೊನೆಯ ವರ್ಷಗಳು. ಶಿರ್ತಾಡಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರೇ ನನ್ನ ಚಿಕ್ಕ ಹೋಟೆಲು. ಒಳಗೆ ಅಡುಗೆಗೆ ಹೆಂಡತಿ ಸರಸ್ವತಿ, ಹೊರಗೆ ಮಾತಿಗೆ ನಾನು. ಗೋಡೆಯ ಮೇಲೆ ಕೀಲಿ ಕೊಡುವ ಒಂದು ದೊಡ್ಡ ಗಡಿಯಾರ — ಮಂಗಳೂರಿನಿಂದ ಬಸ್ಸಿನಲ್ಲಿ, ಕೂಸಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ತಂದದ್ದು. ಸುತ್ತಮುತ್ತ ಗಂಟೆ ನೋಡಲು ಇದ್ದದ್ದು ಅದು ಮತ್ತು ಶಾಲೆಯ ಮಾಷ್ಟ್ರ ಕೈಯ ವಾಚು, ಎರಡೇ. ಉಳಿದವರಿಗೆಲ್ಲ ಸೂರ್ಯ. ಆಟಿ ತಿಂಗಳ ಮಳೆಯಲ್ಲಿ ಸೂರ್ಯ ರಜೆ ಹಾಕಿದಾಗ ಅವನ ಕೆಲಸವೂ ನನ್ನ ಗಡಿಯಾರದ ಮೇಲೆಯೇ ಬೀಳುತ್ತಿತ್ತು.

ಕಾಂತಮ್ಮನವರದು ಹೋಟೆಲಿನ ಕೆಳಗೆ, ಗದ್ದೆ ದಾಟಿದರೆ ಸಿಗುವ ಜೈನರ ಮನೆ. ಐವತ್ತು ದಾಟಿದ ವಿಧವೆ. ಮಾತು ನೇರ, ನಡಿಗೆ ಬಿರುಸು. ಹೊತ್ತು ಮುಳುಗಿದ ಮೇಲೆ ಒಂದು ಅಗುಳನ್ನೂ ಬಾಯಿಗೆ ಹಾಕಿದವರಲ್ಲ, ಹುಟ್ಟಿದ ಲಾಗಾಯ್ತು. ಮಳೆಗಾಲದಲ್ಲಿ ಹೊತ್ತು ಮುಳುಗಿದ್ದು ಕಾಣುವುದಿಲ್ಲವಲ್ಲ — ತಪ್ಪಾಗಬಾರದೆಂದು ಆರೂವರೆಯನ್ನೇ ಗಡಿ ಮಾಡಿಕೊಂಡಿದ್ದರು. ಆರೂವರೆಯ ಒಳಗೆ ಊಟ. ದಾಟಿದರೆ ನಾಳೆ ಬೆಳಿಗ್ಗೆಯವರೆಗೆ ನೀರೂ ಇಲ್ಲ.

ಆಟಿ ಶುರುವಾದ ಹೊಸತರಲ್ಲಿ ಒಂದು ದಿನ ಅವರು ಬಾಣಂತಿ ಮಗಳನ್ನು ನೋಡಿ ಬೆಳ್ತಂಗಡಿಯಿಂದ ಹಿಂದೆ ಬರುತ್ತಿದ್ದರು. ನಾಲ್ಕಕ್ಕೆ ಬರಬೇಕಾದ ಬಸ್ಸು ವೇಣೂರಿನ ಹತ್ತಿರ ಕೆಟ್ಟು ಕೂತಿತ್ತು. ಅದು ಕೆಮ್ಮುತ್ತಾ ನಮ್ಮಲ್ಲಿಗೆ ಮುಟ್ಟುವಾಗ ಗಂಟೆ ಏಳು ದಾಟಿತ್ತು. ಮೋಡ ಎಷ್ಟು ದಪ್ಪವಾಗಿತ್ತೆಂದರೆ ಮಧ್ಯಾಹ್ನದಿಂದಲೂ ಒಂದೇ ನಮೂನೆಯ ಕತ್ತಲೆ. ಕೈಯಲ್ಲಿ ಮಗಳು ಕಟ್ಟಿಕೊಟ್ಟ ಬುತ್ತಿ. ಬಸ್ಸಿನಲ್ಲಿ ಹತ್ತು ಜನರ ನಡುವೆ ಬಿಚ್ಚಿ ಉಣ್ಣುವವರಲ್ಲ ಅವರು. ಬೆಳಿಗ್ಗೆ ತಿಂದದ್ದೇ ಕೊನೆ. ಹೋಟೆಲಿನ ಕಂಬ ಹಿಡಿದು ನಿಂತರು. ಮುಖ ಬೆಳ್ಳಗಾಗಿತ್ತು.

"ಭಟ್ರೇ, ನನಗೆ ನಿಮ್ಮ ಹೋಟೆಲಿನದ್ದು ಏನೂ ಬೇಡ. ಗಂಟೆ ಎಷ್ಟಾಯ್ತು ಅಂತ ಹೇಳಿದರೆ ಸಾಕು. ಮನೆಗೆ ಮುಟ್ಟುವ ತನಕ ಕಾಯಲಿಕ್ಕಾಗುದಿಲ್ಲ, ಹೊತ್ತುಂಟಾದರೆ ಇಲ್ಲೇ ಕೂತು ಉಣ್ತೇನೆ."

"ಹೊತ್ತುಂಟು ಅಮ್ಮ, ಧಾರಾಳ ಉಂಟು. ಮೊದಲು ಕಾಲು ತೊಳೆದು ಬನ್ನಿ" ಎಂದೆ. ಯೋಚನೆ ಮಾಡಿ ಹೇಳಿದ್ದಲ್ಲ — ಬಾಯಿಯೇ ಹೇಳಿತು. ಅವರು ಹಿಂದಿನ ಕೊಟ್ಟಿಗೆಯ ಕಡೆ ತಿರುಗಿದ್ದೇ ತಡ, ಬೆಂಚು ಹತ್ತಿ ಗಡಿಯಾರದ ಬಾಗಿಲು ತೆರೆದು ಮುಳ್ಳನ್ನು ಹಿಂದಕ್ಕೆ ತಿರುಗಿಸಿದೆ. ಆರೂಕಾಲು. ಸರಸ್ವತಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನೋಡುತ್ತಿದ್ದಳು.

"ದೀಪ ಆರಿಸು" ಎಂದೆ.

"ಆರಿಸ್ತೇನೆ. ನಿಮಗೆ ಇದರ ಪುಣ್ಯವೂ ಮುಕ್ಕಾಲು ಗಂಟೆ ತಡವಾಗಿ ಬರ್ಲಿಕ್ಕುಂಟು, ನೋಡಿ."

ಕಾಂತಮ್ಮನವರು ಬಂದು ಗಡಿಯಾರ ನೋಡಿ, ಕಣ್ಣು ಮುಚ್ಚಿ ಏನನ್ನೋ ಹೇಳಿಕೊಂಡು ಬುತ್ತಿ ಬಿಚ್ಚಿದರು. ಅವರು ಉಂಡ ಆ ಊಟ ಇವತ್ತೂ ನನ್ನ ಕಣ್ಣ ಮುಂದೆ ಇದೆ. ಹೋಟೆಲಿನವನಾಗಿ ಎಷ್ಟೋ ಜನ ಉಣ್ಣುವುದನ್ನು ನೋಡಿದ್ದೇನೆ, ಅಷ್ಟು ಹಸಿದವರು ಅಷ್ಟು ನಿಧಾನವಾಗಿ ಉಂಡದ್ದನ್ನು ಮಾತ್ರ ನೋಡಿಲ್ಲ. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ — ಬಹಳ ಖುಷಿಯಾಯಿತು.

ಅಷ್ಟರಲ್ಲಿ ಹೊತ್ತಲ್ಲದ ಹೊತ್ತಿಗೆ ಗಡಿಯಾರ ಬಡಿಯಿತು. ಹಿಂದಕ್ಕೆ ತಿರುಗಿಸಿದ ಸಿಟ್ಟು ಅದಕ್ಕೆ ಇತ್ತೆಂದು ಕಾಣುತ್ತದೆ. ಒಂದು, ಎರಡು, ಮೂರು... ನಿಲ್ಲುವ ಲಕ್ಷಣವೇ ಇಲ್ಲ. ಹನ್ನೊಂದು ಬಡಿದು ಸುಮ್ಮನಾಯಿತು. ಕಾಂತಮ್ಮನವರ ಕೈ ತುತ್ತಿನ ಜೊತೆಗೇ ನಿಂತಿತು.

"ಬಡಿಯುವುದು ಮಾತ್ರ ಹಾಳಾಗಿದೆ ಅಮ್ಮ. ಮುಳ್ಳು ಸರಿ ಉಂಟು."

ಅದು ಎರಡನೆಯ ಸುಳ್ಳು. ಮೊದಲನೆಯದಕ್ಕೆ ಹಸಿವಿನ ನೆಪವಾದರೂ ಇತ್ತು. ಇದು ಬರೀ ನನ್ನ ಮಾನ ಉಳಿಸಿಕೊಳ್ಳಲಿಕ್ಕೆ.

ರಾತ್ರಿಯೇ ಮುಳ್ಳನ್ನು ಸರಿಮಾಡಿಬಿಡುವ ಎಂದಿದ್ದೆ. ಮಳೆಗೆ ಕಾಲು ಚಾಚಿ ಮಲಗಿದವನಿಗೆ ಬೆಳಗಾದದ್ದೇ ತಿಳಿಯಲಿಲ್ಲ. ಎದ್ದು ಬಂದರೆ ಕಾಂತಮ್ಮನವರು ಆಗಲೇ ಜಗಲಿಯಲ್ಲಿ! ಹಿಡಿಯಿದ್ದ ಒಂದು ತೂಗುಪಾತ್ರೆಯಲ್ಲಿ ಶೋಧಿಸಿ ಕಾಯಿಸಿದ ಬಿಸಿನೀರು, ಇನ್ನೊಂದರಲ್ಲಿ ಬೆಲ್ಲ ಕಲಸಿದ ಅವಲಕ್ಕಿ. "ಇದು ಇಲ್ಲಿರಲಿ ಭಟ್ರೇ. ಬಸ್ಸು ತಡವಾಗಿ ಹಸಿದು ಇಳಿಯುವವರಿಗೆ ಕೊಡಿ, ದಿನಾ ಕಳಿಸ್ತೇನೆ. ನಿನ್ನೆ ನೀವು ಸರಿಯಾಗಿ ಗಂಟೆ ಹೇಳಿದ್ದರಿಂದ ನನ್ನ ಜೀವ ಉಳಿಯಿತು, ವ್ರತವೂ ಉಳಿಯಿತು." ಅಷ್ಟಕ್ಕೇ ಬಿಡಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಮಾಷ್ಟ್ರನ್ನು ಕರೆದು ವಾಚು ತೋರಿಸಲು ಹೇಳಿದರು. ತೋರಿಸಿದರು. "ನಿಮ್ಮ ವಾಚು ಮುಂದೆ ಓಡ್ತದೆ ಮಾಷ್ಟ್ರೇ. ಭಟ್ರ ಗಂಟೆ ನೋಡಿ ಸರಿ ಮಾಡಿಕೊಳ್ಳಿ."

ಮಾಷ್ಟ್ರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಕಾಂತಮ್ಮನವರ ಎದುರು ವಾದಿಸುವ ಎದೆ ಊರಿನಲ್ಲಿ ಯಾರಿಗೂ ಇರಲಿಲ್ಲ. ಪಾಪ, ಮಾಷ್ಟ್ರು ವಾಚಿನ ಮುಳ್ಳು ತಿರುಗಿಸಿಕೊಂಡರು.

ಅಲ್ಲಿಗೆ ಇಡೀ ಶಿರ್ತಾಡಿ ಲೋಕಕ್ಕಿಂತ ಮುಕ್ಕಾಲು ಗಂಟೆ ಹಿಂದೆ ಬಿತ್ತು. ಶಾಲೆಯ ಗಂಟೆ ತಡವಾಗಿ ಬಡಿಯಿತು. ಮಕ್ಕಳು ಯಾರೂ ದೂರು ಕೊಡಲಿಲ್ಲ. ಮೂಡುಬಿದಿರೆಗೆ ಹೋಗುವವರು ಸಮಯಕ್ಕೆ ಸರಿಯಾಗಿ ಬಂದು ಬಸ್ಸಿನ ಹೊಗೆ ಮಾತ್ರ ನೋಡಿದರು. ಮುಂದಿನ ಬಸ್ಸಿನವರೆಗೆ ಮತ್ತೇನು ಮಾಡುವುದು, ನನ್ನಲ್ಲಿ ಕೂತು ಚಾ ಕುಡಿದರು. ವ್ಯಾಪಾರ ಏರಿತು ಎಂದು ಹೇಳಲು ಇವತ್ತೂ ನಾಚಿಕೆಯಾಗುತ್ತದೆ. "ಈ ಬಸ್ಸಿನವರಿಗೆ ಈಗೀಗ ಎಂಥ ಅವಸರ ಮಾರಾಯ್ರೇ!" ಎಂದು ಕಾಂತಮ್ಮನವರೇ ಅವರಿಗೆ ಸಮಾಧಾನ ಹೇಳುತ್ತಿದ್ದರು.

ಮೂರನೆಯ ಸಂಜೆ ನಾನು ನಗುತ್ತಾ ಇದ್ದೆ, ಸರಸ್ವತಿ ನಗಲಿಲ್ಲ. "ಅವರು ಈಗ ಮನೆಯಲ್ಲಿ ಯಾವ ಗಂಟೆ ನೋಡಿ ಉಣ್ತಾರೆ, ಗೊತ್ತುಂಟಾ ನಿಮಗೆ?" ಎಂದಳು.

ಅವರ ಮನೆಯಾಳು ದಿನಾ ಬಂದು ನನ್ನ ಗಡಿಯಾರ ನೋಡಿ ಹೋಗುತ್ತಿದ್ದ. ಅಂದರೆ ಒಂದು ಹೊತ್ತಿನ ಹಸಿವಿಗೆಂದು ಹೇಳಿದ ಸುಳ್ಳು ಅವರನ್ನು ದಿನಾ ಕತ್ತಲಲ್ಲಿ ಉಣ್ಣಿಸುತ್ತಿತ್ತು. ಒಮ್ಮೆಲೇ ಸರಿಮಾಡಿದರೆ ಗುಟ್ಟು ರಟ್ಟು. ಮಾಡದಿದ್ದರೆ... ಕೊನೆಗೆ ನಾನು ಕಂಡುಕೊಂಡ ಉಪಾಯ ಹೇಡಿಯದ್ದೇ. ಬೆಳಿಗ್ಗೆ ಎಲ್ಲರೂ ಏಳುವ ಮೊದಲು ಬೆಂಚು ಹತ್ತಿ, ದಿನಕ್ಕೆ ಒಂದೆರಡು ನಿಮಿಷದ ಹಾಗೆ ಮುಳ್ಳನ್ನು ಮುಂದೆ ತಳ್ಳುತ್ತಾ ಬಂದೆ. ಹಿಂದಿನಿಂದ ಮಾಷ್ಟ್ರ ವಾಚು, ಅದರ ಹಿಂದಿನಿಂದ ಶಾಲೆ, ಎಲ್ಲದರ ಹಿಂದಿನಿಂದ ಊರು — ಯಾರಿಗೂ ಗೊತ್ತಾಗದ ಹಾಗೆ ತೆವಳಿಕೊಂಡು ಆಟಿ ಮುಗಿಯುವಾಗ ಸರಿಯಾದ ಹೊತ್ತಿಗೆ ಬಂದು ಮುಟ್ಟಿತು. ಅಷ್ಟೂ ದಿನ ಕಾಂತಮ್ಮನವರು ಎದುರು ಬಂದಾಗಲೆಲ್ಲ ನಾನು ತಲೆ ತಗ್ಗಿಸಿ ಬೆಂಚು ಒರೆಸಿದೆ. ಅಷ್ಟು ಚೊಕ್ಕವಾದ ಬೆಂಚು ಆ ಹೋಟೆಲಿಗೆ ಮತ್ತೆ ಬರಲಿಲ್ಲ.

ಬಿಸಿನೀರು, ಅವಲಕ್ಕಿ ಮಾತ್ರ ನಿಲ್ಲಲಿಲ್ಲ. ಆಟಿ ಹೋಯಿತು, ವರ್ಷಗಳು ಹೋದವು, ದಿನಾ ಬಂತು. ಎಷ್ಟು ಜನ ತಿಂದರೋ, ಎಷ್ಟು ಮಕ್ಕಳ ಅಳು ನಿಂತಿತೋ. ಕೇಳಿದವರಿಗೆಲ್ಲ ಕಾಂತಮ್ಮನವರದು ಒಂದೇ ಉತ್ತರ — "ಭಟ್ರು ಒಂದು ದಿನ ನನಗೆ ನಿಜ ಹೇಳಿ ಉಪಕಾರ ಮಾಡಿದ್ದಾರೆ." ನನಗೆ ಸತ್ಯವಂತನೆಂಬ ಹೆಸರು ಅಂಟಿತು, ತೊಳೆದರೂ ಹೋಗದ ಹಾಗೆ. ಅರವತ್ತರ ದಶಕದಲ್ಲಿ ಒಂದು ಮಳೆಗಾಲ ಎರಡು ಗದ್ದೆಗಳ ನಡುವಿನ ಹುಣಿಗಾಗಿ ಜಗಳವಾಡಿದ ಅಣ್ಣತಮ್ಮಂದಿರಿಬ್ಬರು ನನ್ನ ಮುಂದೆ ಕೈಕಟ್ಟಿ ನಿಂತರು: "ನೀವು ಹೇಳಿದ್ದೇ ಸೈ ಅಂತ ಕಾಂತಮ್ಮ ಹೇಳಿದ್ದಾರೆ." ಅವರಿಬ್ಬರಿಗೂ ಚಾ ಕೊಟ್ಟು ಕೂರಿಸಿ, ಹಿಂದಿನ ಬಾಗಿಲಿನಿಂದ ಗದ್ದೆಗಿಳಿದೆ.

ಕಾಂತಮ್ಮನವರಿಗೆ ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ. ಅವರು ಭತ್ತ ಕೇರುತ್ತಿದ್ದರು. ಗೆರಸೆ ಕೆಳಗಿಟ್ಟು ಕೊನೆಯವರೆಗೂ ಕೇಳಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

"ಎಷ್ಟು ದಿನ?"

"ಸುಮಾರು ಒಂದು ತಿಂಗಳು, ಅಮ್ಮ."

"ಹಾಗಾದರೆ ಒಂದು ತಿಂಗಳು ಹಗಲೆಲ್ಲ ಉಪವಾಸ ಮಾಡ್ತೇನೆ. ಸಂಜೆ ಆರೂವರೆಯ ಒಳಗೆ ಒಂದೇ ಊಟ. ತಪ್ಪಿದ್ದು ಸಂಜೆಯ ಊಟದಲ್ಲಿ ಅಲ್ವಾ, ಸರಿಮಾಡುದೂ ಅಲ್ಲೇ." ಗೆರಸೆಯನ್ನು ಮತ್ತೆ ಕೈಗೆತ್ತಿಕೊಂಡು, "ಬಿಸಿನೀರು ನಾಳೆಯೂ ಕಳಿಸ್ತೇನೆ. ಬಾಯಾರಿದವರು ಏನು ತಪ್ಪು ಮಾಡಿದ್ದಾರೆ, ಪಾಪ."

"ಗಂಟೆ... ಯಾರ ಹತ್ತಿರ ಕೇಳ್ತೀರಿ ಅಮ್ಮ?"

"ನಿಮ್ಮ ಹತ್ತಿರವೇ. ಈ ಮಳೆಯಲ್ಲಿ ಬೇರೆ ಯಾರ ಹತ್ತಿರ ಕೇಳುದು?"

ಆಗ ಅವರಿಗೆ ಅರವತ್ತು ಹತ್ತಿರವಾಗಿತ್ತು. ದಿನೇ ದಿನೇ ಇಳಿದು ಹೋದರು. ಎರಡು ವಾರ ಕಳೆದಿರಬೇಕು — ಒಂದು ಸಂಜೆ ಅವರ ಗದ್ದೆಯ ಹತ್ತಿರವೇ ಬಸ್ಸು ಕೆಸರಿನಲ್ಲಿ ಹೂತಿತು. ಇಳಿದವರಲ್ಲಿ ಹೆಂಗಸರು, ಹಾಲು ಕುಡಿಯುವ ಕೂಸುಗಳು. ಕಾಂತಮ್ಮನವರು ಅವರನ್ನೆಲ್ಲ ಮನೆಗೆ ಕರೆದು ಮಾಡಿದ ಅಡುಗೆಯನ್ನು ಬಡಿಸಿದರು, ಮತ್ತೆ ಬೇಯಿಸಿ ಬಡಿಸಿದರು. ಎಲ್ಲರ ಊಟವಾದ ಮೇಲೆ ತಮ್ಮ ಪಾಲಿನ ಗಂಜಿಯನ್ನು ಮುಚ್ಚಿಟ್ಟು, ತಾವೇ ಹುಣಿ ದಾಟಿ ಬಂದು ನನ್ನ ಹೋಟೆಲಿನ ಕಂಬ ಹಿಡಿದು ನಿಂತರು.

"ಎಷ್ಟಾಯ್ತು ಭಟ್ರೇ?"

ಅವರು ಗಡಿಯಾರ ನೋಡಲಿಲ್ಲ, ಕಣ್ಣೂ ಅಷ್ಟು ಕಾಣುತ್ತಿರಲಿಲ್ಲ. ನನ್ನ ಮುಖವನ್ನೇ ನೋಡಿದರು. ಒಳಗೆ ಸೌಟಿನ ಸದ್ದು ನಿಂತಿತು. ಆರೂವರೆ ದಾಟಿ ಹತ್ತು ನಿಮಿಷವಾಗಿತ್ತು, ಬರೀ ಹತ್ತು ನಿಮಿಷ.

"ದಾಟಿತು, ಅಮ್ಮ."

"ಆಗಲಿ" ಎಂದರು. ನಗಲು ನೋಡಿದರು. ಸೆರಗನ್ನು ತಲೆಗೆಳೆದುಕೊಂಡು ಹುಣಿಯ ಮೇಲೆ, ಎರಡು ಹೆಜ್ಜೆಗೊಮ್ಮೆ ನಿಂತು ಸುಧಾರಿಸಿಕೊಂಡು ಹೋದರು.

ಸರಸ್ವತಿ ಆ ರಾತ್ರಿ ನನಗೆ ಬಡಿಸಿದಳು, ನಾನು ಉಣ್ಣಲಿಲ್ಲ. ನಾನು ಉಣ್ಣದ್ದರಿಂದ ಅವರ ಹೊಟ್ಟೆಯೇನೂ ತುಂಬಲಿಲ್ಲ. ಗಡಿಯಾರದ ಸುಳ್ಳಿಗೆ ಕ್ಷಮೆ ಕೇಳಿದ್ದೇನೆ, ಅವರು ಕೊಟ್ಟೂ ಇದ್ದಾರೆ. ಆದರೆ ಏನೂ ತಿಳಿಯದೆ ನೆಮ್ಮದಿಯಾಗಿದ್ದ ಮುದುಕಿಯ ಮನೆಗೆ ಹೋಗಿ, ನನ್ನ ಎದೆಯೊಂದು ಹಗುರವಾಗಲೆಂದು ಎಲ್ಲವನ್ನೂ ಹೇಳಿ ಬಂದೆನಲ್ಲ — ಅದಕ್ಕೆ ಕ್ಷಮೆ ಕೇಳಲು ಅವರು ಇರುವವರೆಗೂ ನನಗೆ ಬಾಯಿ ಬರಲಿಲ್ಲ.