ವರ್ಷಕ್ಕೊಮ್ಮೆ ಕೇಳಲು ಬರುವವಳು

ಅವಳು ಚೆಲುವೆಯಾಗಿದ್ದರೆ ನನ್ನ ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಇರುತ್ತಿತ್ತು. ನಾಲ್ಕು ಜನರ ಮುಂದೆ ಹೇಳಿಕೊಂಡು ಅಯ್ಯೋ ಪಾಪ ಅನ್ನಿಸಿಕೊಳ್ಳಬಹುದಿತ್ತು. ಆದರೆ ಅವಳಿಗೆ ನನಗಿಂತ ಹೆಚ್ಚು ವಯಸ್ಸಾಗಿತ್ತು. ದಪ್ಪ ಗಾಜಿನ ಕನ್ನಡಕ, ಕಾಟನ್ ಸೀರೆಯ ಮೇಲೆ ನೇತಾಡುವ ಗುರುತಿನ ಚೀಟಿ, ಬಿಸಿಲಿನಲ್ಲಿ ತಿರುಗಿ ಕಪ್ಪಿಟ್ಟ ಪಾದಗಳು. ಹೆಗಲ ಚೀಲದಲ್ಲಿ ರಕ್ತದೊತ್ತಡ ನೋಡುವ ಯಂತ್ರ, ದರ್ಜಿಯ ಟೇಪು, ಒಂದು ಟ್ಯಾಬ್. ಇಂಥವಳನ್ನು ಕಂಡು ಯಾವ ಹೆಂಡತಿ ಉರಿದುಕೊಂಡಾಳು? ನಾನು ಉರಿದುಕೊಂಡೆ, ಅದೂ ವರ್ಷಗಟ್ಟಲೆ.

ಆಗ ನಾವು ವಿಶಾಖಪಟ್ಟಣದಲ್ಲಿದ್ದೆವು. ನನ್ನ ಗಂಡ ಬ್ಯಾಂಕ್ ಅಧಿಕಾರಿ. ಧಾರವಾಡದಿಂದ ವರ್ಗವಾಗಿ ದ್ವಾರಕಾ ನಗರದ ಶಾಖೆಗೆ ಬಂದಿದ್ದರು. ಊರಿನ ಜನ ಏನು ತಿನ್ನುತ್ತಾರೆ, ಎಷ್ಟು ನಡೆಯುತ್ತಾರೆ, ಎಂಥ ಗಾಳಿಯಲ್ಲಿ ಉಸಿರಾಡುತ್ತಾರೆ, ಅವರಲ್ಲಿ ಯಾರಿಗೆ ಮುಂದೆ ಸಕ್ಕರೆ ಕಾಯಿಲೆ ಬರುತ್ತದೆ, ಯಾರಿಗೆ ಹೃದಯದ ಕಾಯಿಲೆ ಬರುತ್ತದೆ ಎಂದು ವರ್ಷಗಟ್ಟಲೆ ಬೆನ್ನು ಹತ್ತಿ ನೋಡುವ ಒಂದು ಸಂಶೋಧನೆ ಅಲ್ಲಿ ಶುರುವಾಗಿತ್ತು. ಅದಕ್ಕಾಗಿ ಮನೆಮನೆಗೆ ಬಂದು ಕೇಳುವುದು ಈ ಹೆಂಗಸಿನ ಕೆಲಸ. ಒಂದು ಮನೆಯಿಂದ ಒಬ್ಬರೇ. ಆ ಒಬ್ಬರು ಯಾರೆಂದು ಟ್ಯಾಬೇ ಆರಿಸುತ್ತಿತ್ತು.

ಎದುರು ಮನೆಯಲ್ಲಿ ಕಾರವಾರದವಳೊಬ್ಬಳಿದ್ದಳು, ಗಂಡ ನೌಕಾಪಡೆಯಲ್ಲಿ. ಆ ಮನೆಯಲ್ಲಿ ಟ್ಯಾಬು ಅವಳನ್ನೇ ಆರಿಸಿತು. ಸಂಜೆ ಬಾಗಿಲಿಗೆ ಬಂದು, "ಎರಡು ತಾಸು ನನ್ನ ಬಗ್ಗೇನೇ ಕೇಳಿದ್ರು ಮಾರಾಯ್ತಿ. ನನ್ನ ಅಮ್ಮನೂ ಅಷ್ಟು ಕೇಳಿಲ್ಲ" ಅಂದಳು. ನನಗೆ ಒಳಗೊಳಗೇ ಆಸೆಯಾಯಿತು. ನನ್ನನ್ನು ಕೇಳಿದರೆ ಏನೇನು ಹೇಳಬೇಕೆಂದು ರೊಟ್ಟಿ ಬಡಿಯುತ್ತ ಎಲ್ಲ ಸಿದ್ಧ ಮಾಡಿಕೊಂಡೆ. ದಿನಾ ಬೆಳಿಗ್ಗೆ ಸಮುದ್ರದ ದಂಡೆಯಲ್ಲಿ ನಡೆಯುವವಳು ನಾನು, ಸಕ್ಕರೆ ಬಿಟ್ಟವಳು ನಾನು. ನಮ್ಮ ಮನೆಯಲ್ಲಿ ಆರೋಗ್ಯ ಎನ್ನುವುದೇನಾದರೂ ಇದ್ದರೆ ಅದರ ಯಜಮಾನಿ ನಾನು.

ಟ್ಯಾಬು ನನ್ನ ಗಂಡನನ್ನು ಆರಿಸಿತು.

ಹೋಗಲಿ ಬಿಡು ಅಂದುಕೊಂಡೆ. ಆ ಮನುಷ್ಯನ ಬಾಯಿಂದ ಮಾತು ಹೊರಡಿಸುವುದೆಂದರೆ ಕಲ್ಲಿನಿಂದ ನಾರು ತೆಗೆದಂತೆ ಎಂದು ನನಗೆ ಗೊತ್ತಿತ್ತು. ಊಟ ಹೇಗಿತ್ತು ಎಂದರೆ "ಆತು." ಆಫೀಸಿನಲ್ಲಿ ಏನು ಎಂದರೆ "ಏನಿಲ್ಲ." ಊರಿಗೆ ಹೋಗೋಣವೇ ಎಂದರೆ "ನೋಡೋಣು." ಈ ಮೂರು ಮಾತಿನಲ್ಲಿ ನಮ್ಮ ಸಂಸಾರ ಮಗಳನ್ನು ಬೆಳೆಸಿ ಹಾಸ್ಟೆಲಿಗೆ ಕಳಿಸುವವರೆಗೆ ಬಂದಿತ್ತು. ಆ ಹೆಂಗಸು ಕಾಲು ತಾಸಿನಲ್ಲಿ ಸೋತು ಎದ್ದು ಹೋಗುತ್ತಾಳೆ, ಆಗ ನಾನು ಮರುಕದಿಂದ ಒಂದು ಲೋಟ ಮಜ್ಜಿಗೆ ಕೊಡಬೇಕು ಎಂದು ಕಾದಿದ್ದೆ.

ಅವಳು ಕೂತು, ಕನ್ನಡಕ ಒರೆಸಿಕೊಂಡು, ನನ್ನ ಕಡೆ ತಿರುಗಿದಳು. ಅವಳು ಆಡುತ್ತಿದ್ದದ್ದು ತೆಲುಗು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಮಾತಿನ ಕೊನೆಗೆ ಮರ್ಯಾದೆಗೆ ಸೇರಿಸುವ ಅವರ 'ಗಾರು', 'ಅಂಡಿ'ಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

"ಮೇಡಂ ಗಾರು, ಕೆಲವು ಪ್ರಶ್ನೆ ಅವರ ಸ್ವಂತದ್ದು. ಬೇರೆಯವರು ಎದುರಿಗೆ ಇರಬಾರದು ಅಂತ ನಿಯಮ. ಸ್ವಲ್ಪ ಒಳಗೆ ಇರ್ತೀರಾ, ಅಂಡಿ?"

ಬೇರೆಯವರು. ನನ್ನ ಮನೆ, ನನ್ನ ಸೋಫಾ, ನನ್ನ ಗಂಡ, ನಾನು ಬೇರೆಯವಳು. ಗಂಡ ಒಂದು ಮಾತಾದರೂ ಆಡಿಯಾರೆಂದು ನೋಡಿದೆ. ಅವರು ಅಂಗಿಯ ತೋಳು ಮಡಚಿ ರಕ್ತದೊತ್ತಡದ ಪಟ್ಟಿಗೆ ಕೈ ಚಾಚಿದ್ದರು. ನಾನು ಅಡುಗೆಮನೆಗೆ ಹೋದೆ.

ಅಡುಗೆಮನೆಗೂ ಪಡಸಾಲೆಗೂ ನಡುವೆ ತಟ್ಟೆ ದಾಟಿಸುವ ಒಂದು ಕಿಂಡಿ ಇತ್ತು. ನಾನು ಕದ್ದು ಕೇಳಲಿಲ್ಲ. ಕಿಂಡಿ ತೆರೆದಿತ್ತು, ಕಿವಿ ನನ್ನವು, ಅಷ್ಟೇ. ಮೊದಲು ಉಪ್ಪು, ಎಣ್ಣೆ, ಬೀಡಿ, ಸಿಗರೇಟು. ಆಮೇಲೆ ಅವಳು, "ಚಿಕ್ಕವರಿದ್ದಾಗ ಮನೆಯಲ್ಲಿ ಅಡುಗೆಗೆ ಏನು ಉರಿಸ್ತಿದ್ರಿ?" ಎಂದು ಕೇಳಿದಳು. ನನ್ನ ಗಂಡ ಶುರು ಮಾಡಿದರು. ತೊಗರಿ ಕಟ್ಟಿಗೆ, ಕುಳ್ಳು. ಒಲೆಯ ಪಕ್ಕದಲ್ಲೇ ಅವರ ಹಾಸಿಗೆ. ತಾಯಿ ಕೆಮ್ಮುತ್ತ ಊದುಗೊಳವೆ ಊದುತ್ತಿದ್ದರಂತೆ. ಅವ್ವನಿಗೆ ಉಸಿರು ಸಾಲದಾದಾಗ ಇವರೇ ಊದುತ್ತಿದ್ದರಂತೆ. ಒಂದು ದಿನ ಶಾಲೆಯಿಂದ ಬಂದಾಗ ಒಲೆ ತಣ್ಣಗಿತ್ತಂತೆ. ಆ ಹೆಂಗಸು ಅದನ್ನೂ ಬರೆದುಕೊಂಡು ಮೆಲ್ಲಗೆ, "ಮನೆಗೆ ಗ್ಯಾಸ್ ಯಾವಾಗ ಬಂತು?" ಎಂದು ಮುಂದಿನದಕ್ಕೆ ಹೋದಳು.

ನಮ್ಮ ಮದುವೆಗೆ ಮೊದಲೇ ತೀರಿಕೊಂಡ ಅತ್ತೆ ನನಗೆ ಗೋಡೆಯ ಮೇಲಿನ ಫೋಟೊ ಮಾತ್ರ. ಪ್ರತಿವರ್ಷ ಶ್ರಾದ್ಧದ ಅಡುಗೆ ಮಾಡಿದವಳು ನಾನು. ಅವರ ಕೆಮ್ಮು ಕೇಳಿದವಳು ಇವಳು. ಅವತ್ತು ಒಲೆಯ ಮೇಲಿದ್ದ ಉಪ್ಪಿಟ್ಟು ತಳ ಹಿಡಿಯಿತು. ಹಿಡಿಯಲಿ ಎಂದು ಬಿಟ್ಟೆ. ಹೊರಡುವಾಗ ಅವಳು ಅದನ್ನೇ ಚಮಚದಿಂದ ಕೆರೆದು ತಿಂದು, "ಚಾಲಾ ಬಾಗುಂದಿ," ಬಹಳ ಚೆನ್ನಾಗಿದೆ, ಎಂದಳು. ಅದೂ ನನಗೆ ಸೇರಲಿಲ್ಲ.

ಮುಂದಿನ ವರ್ಷ ವಿಜಯವಾಡದ ಕಡೆಗೆ ವರ್ಗವಾಯಿತು, ಇಬ್ರಾಹಿಂಪಟ್ನಂ ಶಾಖೆಗೆ. ಎಲ್ಲರೂ ಅಯ್ಯೋ ಸಮುದ್ರ ಬಿಟ್ಟು ಹೋಗ್ತೀರಲ್ಲ ಅಂದರು. ನನಗೆ ಮಾತ್ರ ಒಂದು ಪೀಡೆ ತೊಲಗಿದ ನಿರಾಳ. ಹೊಸ ಮನೆಯ ಮಹಡಿಯಿಂದ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತಿದ್ದವು. ಬೆಳಿಗ್ಗೆ ಒರೆಸಿದ ಕಿಟಕಿಯ ದಂಡೆಯ ಮೇಲೆ ಸಂಜೆಗೆ ಮತ್ತೆ ಧೂಳು. ಅದು ರಸ್ತೆಯದೋ ಚಿಮಣಿಯದೋ ನನಗೆ ಗೊತ್ತಿಲ್ಲ. ಅದನ್ನು ತಿಳಿಯಲೆಂದೇ ಅಲ್ಲವೇ ಸಂಶೋಧನೆ ಇರುವುದು? ಗೊತ್ತಾದದ್ದು ಇಷ್ಟು: ಆ ಧೂಳೇ ಅವಳನ್ನು ರೈಲು ಹತ್ತಿಸಿ ನಮ್ಮ ಬಾಗಿಲಿಗೆ ತಂದಿತು.

"ಊರು ಬದಲಾಯಿಸಿದವರು ನಮಗೆ ಬಹಳ ಮುಖ್ಯ, ಮೇಡಂ ಗಾರು," ಎಂದಳು, ಚಪ್ಪಲಿ ಬಿಡುತ್ತ. "ಗಾಳಿ ಬದಲಾದರೆ ಮನುಷ್ಯನಿಗೆ ಏನಾಗತ್ತೆ ಅಂತ ನೋಡೋಕೆ ಇಂಥವರೇ ಬೇಕು."

ನನ್ನ ತವರಿನವರು ಅಲ್ಲಿಯ ಬಿಸಿಲಿಗೆ ಹೆದರಿ ಒಮ್ಮೆಯೂ ಬಂದಿರಲಿಲ್ಲ. ಇವಳು ಬಂದಳು, ಜೊತೆಗೆ ಗಾಳಿ ಅಳೆಯುವ ಒಂದು ಸಣ್ಣ ಯಂತ್ರವನ್ನೂ ತಂದಳು. ಗಂಡ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡು ದಿನ ಓಡಾಡಬೇಕು. ನಾನು ಹೊಲಿಸಿದ ತೋಳಿಲ್ಲದ ಉಲ್ಲನ್ ಅಂಗಿಯನ್ನು ಚುಚ್ಚುತ್ತದೆ ಎಂದು ಒಂದು ದಿನವೂ ಹಾಕದ ಮನುಷ್ಯ, ಅದನ್ನು ಮಲಗುವಾಗಲೂ ದಿಂಬಿನ ಪಕ್ಕ ಇಟ್ಟುಕೊಂಡರು. ಆಮೇಲೆ ಅವಳು ಟೇಪು ಬಿಚ್ಚಿ ಅವರ ಸೊಂಟ ಅಳೆದಳು. ಅವರು ಮಗುವಿನಂತೆ ಕೈ ಎತ್ತಿ ನಿಂತರು. ಉಸಿರು ಬಿಡಿ ಅಂದರೆ ಬಿಟ್ಟರು. ನಾನು ಹೇಳಿದರೆ ಉಗುರು ಕತ್ತರಿಸಿಕೊಳ್ಳುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅದಕ್ಕೆ ನೀರು ಹಾಕುವುದೂ ದಂಡ.

ಮತ್ತೆ ನನ್ನನ್ನು ಒಳಗೆ ಕಳಿಸಲಾಯಿತು. ಹೊಸ ಮನೆಯಲ್ಲಿ ಕಿಂಡಿ ಇರಲಿಲ್ಲ. ಗಾಳಿ ಹೊರಹಾಕುವ ಫ್ಯಾನನ್ನು ನಿಲ್ಲಿಸಿದೆ, ಮಾತು ಕೇಳಿಸಿತು.

ಇಲ್ಲಿ ಒಂದು ಸಂಗತಿ ಹೇಳಬೇಕು. ಆ ವರ್ಷ ದಸರೆಗೆ ನಾವಿಬ್ಬರೂ ಇಂದ್ರಕೀಲಾದ್ರಿ ಹತ್ತಿದ್ದೆವು, ಕನಕದುರ್ಗಮ್ಮನ ದರ್ಶನಕ್ಕೆ. ಅರ್ಧ ಮೆಟ್ಟಿಲು ಹತ್ತಿದ ಮೇಲೆ ಅವರು ನಿಂತು ನನ್ನ ಕೈ ಹಿಡಿದು, "ಹೊಳಿ ನೋಡು" ಅಂದರು. ಕೆಳಗೆ ಕೃಷ್ಣೆ ಅಗಲವಾಗಿ ಬಿದ್ದುಕೊಂಡಿತ್ತು. ಇಷ್ಟು ವರ್ಷದಲ್ಲಿ ಅವರು ನನಗೆ ತಾವಾಗಿ ಏನನ್ನಾದರೂ ತೋರಿಸಿದ್ದು ಅದೇ ಮೊದಲು. ಜನ ತಳ್ಳುತ್ತ ಹೋಗುತ್ತಿದ್ದರೂ ನಾವು ಬಹಳ ಹೊತ್ತು ನಿಂತು ನೋಡಿದೆವು. ಅದನ್ನು ನಾನು ತಂಗಿಗೆ ಫೋನ್ ಮಾಡಿ ಹೇಳಿದ್ದೆ.

ಈಗ ಅಡುಗೆಮನೆಯಲ್ಲಿ ನಿಂತು ಕೇಳಿದೆ. "ಮೆಟ್ಟಿಲು ಹತ್ತುವಾಗ ಎದೆಯಲ್ಲಿ ನೋವು, ಬಿಗಿತ ಏನಾದರೂ?" ಎಂದು ಅವಳು ಕೇಳಿದಳು.

"ಹೌದಂಡಿ. ನಾಲ್ಕು ತಿಂಗಳಿಂದ. ದುರ್ಗಮ್ಮನ ಗುಡ್ಡ ಹತ್ತುವಾಗ ಜೋರಾಗಿ ಬಂತು. ಹೆಂಡತಿಗೆ ಗೊತ್ತಾಗಬಾರದು ಅಂತ ಹೊಳೆ ತೋರಿಸಿದೆ."

ಕೈಯಲ್ಲಿದ್ದ ಲೋಟವನ್ನು ಎಲ್ಲಿಟ್ಟೆನೋ ನೆನಪಿಲ್ಲ. ಮೊದಲು ಭಯವಾಗಬೇಕಿತ್ತು, ಆಯಿತು ಕೂಡ. ಆದರೆ ಭಯಕ್ಕಿಂತ ಒಂದು ಹೆಜ್ಜೆ ಮುಂದೆ ಬಂದದ್ದು ಹೊಟ್ಟೆಕಿಚ್ಚು. ನೋವನ್ನು ಅವಳಿಗೆ ಕೊಟ್ಟರು, ನನಗೆ ಹೊಳೆ ಕೊಟ್ಟರು. ನಾನು ಪೆದ್ದಿಯಂತೆ ಅದನ್ನು ಪ್ರೀತಿ ಅಂದುಕೊಂಡು ಊರಿಗೆಲ್ಲ ಹಂಚಿದ್ದೆ.

ಅವಳು, "ಇದನ್ನು ಹೀಗೆ ಬಿಡಬೇಡಿ ಸಾರ್. ನಾಳೆಯೇ ಡಾಕ್ಟರ್ ಹತ್ತಿರ ಹೋಗಿ, ಮನೆಯಲ್ಲೂ ಹೇಳಿ," ಎಂದು ಹೇಳಿ ಹೋದಳು. ನನಗೆ ಹೇಳಿಸಲಿಕ್ಕೂ ಅವಳೇ ಬೇಕಾಯಿತು. ಬಾಗಿಲು ಹಾಕಿದ್ದೇ ತಡ, ನಾನು ಎದುರಿಗೆ ಹೋಗಿ ನಿಂತೆ.

"ಆಕಿಗೆ ಹೇಳಿದ್ರಿ. ನನಗ್ಯಾಕ ಹೇಳಲಿಲ್ಲ?"

"ಆಕಿ ಕೇಳಿದ್ಲು."

"ನಾ ಕೇಳೂದಿಲ್ಲೇನು? ದಿನಾ ಕೇಳ್ತೀನಿ."

"ಆಕಿಗೆ ಹೇಳಿದ್ರ ಬರಕೊಂಡು ಮುಂದಿಂದು ಕೇಳ್ತಾಳ. ನಿನಗ ಹೇಳಿದ್ರ ಕಷಾಯ ಬರ್ತೈತಿ, ನಿನ್ನ ತಂಗಿ ಫೋನ್ ಬರ್ತೈತಿ, ಕರದದ್ದು ಬಂದ್ ಆಗ್ತೈತಿ. ನನ್ನ ಎದಿನೋವು ನನ್ನ ಕೈಯಾಗ ಉಳಿಯೂದಿಲ್ಲ."

ನಮ್ಮ ಸಂಸಾರದಲ್ಲಿ ಅವರು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಪ್ರತಿಯೊಂದು ಮಾತೂ ನಿಜವಾಗಿದ್ದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು.

ಮರುದಿನ ಬೆಳಿಗ್ಗೆಯೇ ಅವರನ್ನು ಆಟೋದಲ್ಲಿ ಕೂರಿಸಿ ವಿಜಯವಾಡದ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ನನ್ನ ಕಡೆ ನೋಡಿ, ಎಷ್ಟು ದಿನದಿಂದ ಇದೆ ಎಂದು ಕೇಳಿದರು. "ನಾಲ್ಕು ತಿಂಗಳು" ಎಂದೆ, ಎಲ್ಲ ಬಲ್ಲ ಹೆಂಡತಿಯ ದನಿಯಲ್ಲಿ. ಅದೂ ಎರವಲು ತಂದ ಮಾತು. ರಕ್ತನಾಳ ಕಟ್ಟಿಕೊಂಡಿತ್ತು. ಸ್ಟೆಂಟ್ ಹಾಕಿದರು. ಇನ್ನು ತಡಮಾಡಿದ್ದರೆ ಕಷ್ಟವಿತ್ತು ಎಂದರು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ನಾನು ದೇವರಿಗೆ ಕೈ ಮುಗಿದೆ. ಅವಳಿಗೂ ಮುಗಿಯಬೇಕಿತ್ತು. ಮನಸ್ಸು ಬರಲಿಲ್ಲ.

ಮನೆಗೆ ಬಂದ ಮೇಲೆ ಹಟ ತೊಟ್ಟೆ. ಕೇಳುವುದೇನು ಬ್ರಹ್ಮವಿದ್ಯೆಯೇ? ಒಂದು ಸ್ಟೂಲು ಎಳೆದುಕೊಂಡು ಅವರ ಎದುರಿಗೆ ಕೂತು, ಅವಳು ಕೇಳುವ ಹಾಗೆಯೇ ಮುಖದಲ್ಲಿ ಏನೂ ಇಟ್ಟುಕೊಳ್ಳದೆ, "ನಿದ್ದಿ ಹೆಂಗ ಬರ್ತೈತಿ?" ಎಂದೆ.

"ಬರ್ತೈತಿ. ಟ್ಯಾಬ್ ಎಲ್ಲೈತಿ?" ಎಂದು ನಕ್ಕರು.

ಒಂದೊಂದು ದಿನ ಅರ್ಧ ಮಾತು ಬರುತ್ತಿತ್ತು. ಬ್ಯಾಂಕಿನಲ್ಲಿ ಕೂತು ಕೂತು ಬೆನ್ನು ಸೆಳೆಯುತ್ತದೆ ಎನ್ನುತ್ತಿದ್ದರು. ನಾನು ಆಗಲೇ ಎದ್ದು ಎಣ್ಣೆ ಬಿಸಿ ಮಾಡಲು ಹೋಗಿಬಿಡುತ್ತಿದ್ದೆ. ತಿರುಗಿ ಬರುವಷ್ಟರಲ್ಲಿ ಅವರು ಪತ್ರಿಕೆಯ ಹಿಂದೆ. ಉಳಿದರ್ಧ ಮಾತನ್ನು ಮುಂದಿನ ವರ್ಷಕ್ಕೆ, ಅವಳಿಗೆ ತೆಗೆದಿಡುತ್ತಿದ್ದಾರೆ ಎಂದು ನನಗೆ ಖಾತ್ರಿ. ಕೂಡಿಟ್ಟವಳು ಒಬ್ಬಳು, ಉಂಡವಳು ಇನ್ನೊಬ್ಬಳು.

ವರ್ಷ ತಿರುಗಿತು. ಅವಳು ಬಂದಳು. ಇವರು ಇಳಿದುಹೋಗಿದ್ದನ್ನು ನೋಡಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ಹಾಗೆ ಮಾಡುವ ನಿಯಮವಿದೆಯೇ ಎಂದು ಕೇಳಬೇಕೆನ್ನಿಸಿತು. ಆಸ್ಪತ್ರೆಯ ವಿಷಯವನ್ನು ಬರೆದುಕೊಂಡಳು. ಸಂಶೋಧನೆಯವರ ಭಾಷೆಯಲ್ಲಿ ಅದಕ್ಕೆ 'ಘಟನೆ' ಎನ್ನುತ್ತಾರಂತೆ. ಆಮೇಲೆ ನನ್ನ ಕಡೆ ತಿರುಗಿದಳು. ನಾನು ಸೋಫಾದಿಂದ ಏಳಲಿಲ್ಲ. ಅವಳು ಗಂಡನ ಮುಖ ನೋಡಿದಳು.

"ಇರಲಿ ಬಿಡಿ, ಅಂಡಿ," ಎಂದರು ಅವರು. "ನನ್ನದೇನೂ ಅಭ್ಯಂತರವಿಲ್ಲ."

ಉಪ್ಪು, ಎಣ್ಣೆ, ನಡಿಗೆ, ಮಾತ್ರೆ. ಎಲ್ಲಕ್ಕೂ ನನ್ನ ಎದುರೇ ಉತ್ತರ ಕೊಟ್ಟರು. ನಾನು ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದೆ, ನಡುವೆ ಬಾಯಿ ಹಾಕಬಾರದೆಂದು. ಕೊನೆಯ ಹೊತ್ತಿಗೆ ಅವಳು ಕೇಳಿದಳು.

"ಮನಸ್ಸಿಗೆ ಕಷ್ಟವಾದಾಗ ಹೇಳಿಕೊಳ್ಳೋಕೆ ನಿಮಗೆ ಯಾರಾದರೂ ಇದ್ದಾರಾ, ಸಾರ್?"

"ನೀವಿದ್ದೀರಲ್ಲ," ಎಂದರು ನನ್ನ ಗಂಡ.

ನನ್ನ ಕಿವಿ ಬಿಸಿಯಾಯಿತು. ಅವಳು ನಗಲಿಲ್ಲ.

"ನನ್ನನ್ನು ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ ಸಾರ್. ನಾನು ಕೇಳೋವಳು, ಹೋಗಿಬಿಡೋವಳು. ಬೇರೆ ಯಾರಾದರೂ? ಹೌದು ಅಥವಾ ಇಲ್ಲ, ಎರಡೇ ಇರೋದು."

ಅವರು ಬಹಳ ಹೊತ್ತು ಯೋಚಿಸಿದರು. ಇಷ್ಟು ಯೋಚಿಸಬೇಕೇ ಎಂದು ನನಗೆ ಅಳು ಬಂತು. ಕೊನೆಗೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಏನ ಬರಸೋಣು?" ಎಂದರು.

ಹೌದು ಎಂದುಬಿಡಬಹುದಿತ್ತು. ಯಾರು ಪರೀಕ್ಷೆ ಮಾಡಲು ಬರುತ್ತಾರೆ? ಅವಳ ಕೈಯಿಂದಲೇ ನನ್ನ ಗೆಲುವು ಬರೆಸಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಸುಳ್ಳು ಹೌದು ನನಗೆ ಬೇಡವಾಗಿತ್ತು. ನನಗೆ ಬೇಕಾಗಿದ್ದದ್ದು ಆ ಮನುಷ್ಯ.

"ಇಲ್ಲ ಅಂತ ಬರಸ್ರಿ," ಎಂದೆ. "ನನಗ ನೀವು ಎಲ್ಲಿ ಏನ್ ಹೇಳ್ತೀರಿ?"

ಅವರು ಅವಳಿಗೆ ತಲೆ ಅಲ್ಲಾಡಿಸಿ ಇಲ್ಲವೆಂದರು. ಅವಳು ಟ್ಯಾಬಿನಲ್ಲಿ ಅದನ್ನು ಒತ್ತಿದಳು. ಆಮೇಲೆ ನನ್ನನ್ನೇ ನೋಡುತ್ತ ಅವರು ಮೆಲ್ಲಗೆ ಹೇಳಿದರು.

"ಮಲಗಾಕ ಅಂಜಿಕಿ ಆಗ್ತೈತಿ ನನಗ. ಮತ್ತ ಏಳ್ತೀನೋ ಇಲ್ಲೋ ಅಂತ."

ಕಷಾಯ, ಡಾಕ್ಟರು, ತಂಗಿಯ ಫೋನು, ದೇವರ ಕುಂಕುಮ, ಎಲ್ಲ ಒಟ್ಟಿಗೆ ನನ್ನ ಗಂಟಲಿಗೆ ಬಂದವು. ಅಷ್ಟನ್ನೂ ನುಂಗಿದೆ. "ಹೂಂ," ಎಂದೆ. ಎದ್ದು ಹೋಗಲಿಲ್ಲ.

ಕನ್ನಡ ಬಾರದ ಅವಳು ಬೆರಳನ್ನು ಟ್ಯಾಬಿನ ಗಾಜಿನ ಮೇಲೆ ಹಿಡಿದುಕೊಂಡು ಕಾಯುತ್ತಿದ್ದಳು. "ಸಾರ್ ಏನಂದರು, ಮೇಡಂ ಗಾರು?"

"ಅದು ನನಗೆ ಹೇಳಿದ್ದು," ಎಂದೆ. "ನೀವು ಮುಂದಿನ ಪ್ರಶ್ನೆ ಕೇಳಿ, ಅಂಡಿ."